ದಿನಾ ಉಡುವ ಧೋತರ: ಅಳತೆ, ನೂಲು, ಬೆಲೆ

ಘಟಪ್ರಭೆ ಮಹಾರಾಷ್ಟ್ರದ ಗಡಿ ದಾಟಿ ದಡ್ಡಿಯ ಹತ್ತಿರ ನಮ್ಮ ಸೀಮೆಗೆ ಬರುತ್ತದೆ. ಹಿಡಕಲ್ ಆಣೆಕಟ್ಟಿನಲ್ಲಿ ನಿಂತು, ಗೋಕಾಕದಲ್ಲಿ ಧುಮುಕಿ, ಮೂಡಲಗಿ ತಾಲ್ಲೂಕಿನ ಹೊಲಗಳನ್ನು ಮುಟ್ಟುತ್ತದೆ. ಈ ಹರಿವಿನ ಉದ್ದಕ್ಕೂ ಹಿರಿಯ ಗಂಡಸರಲ್ಲಿ ಇವತ್ತಿಗೂ ಬಹಳ ಮಂದಿ ಧೋತರದವರು. ಅವರ ಮಕ್ಕಳು ಮದುವೆಗೊಮ್ಮೆ, ಜಾತ್ರೆಗೊಮ್ಮೆ ಉಡುತ್ತಾರೆ. ಮೊಮ್ಮಕ್ಕಳಿಗೆ ಕಚ್ಚೆ ಹಾಕಲು ಬರುವುದಿಲ್ಲ. ಯಾಕೆಂದು ಕೇಳಿದರೆ ‘ಕಾಲ ಬದಲಾತ್ರಿ’ ಎಂಬ ಒಂದೇ ಉತ್ತರ. ಕಾಲ ಬದಲಾದದ್ದು ನಿಜ. ಆದರೆ ಉಡಬೇಕೆಂಬ ಮನಸ್ಸಿರುವವರೂ ಹಿಂದೆ ಸರಿಯುವುದಕ್ಕೆ ಇನ್ನೊಂದು ಕಾರಣವಿದೆ. ಮೈಗೆ ಹೊಂದುವ, ಕಿಸೆಗೆ ಭಾರವಾಗದ, ದಿನಾ ಒಗೆದರೂ ತಾಳುವ ಧೋತರ ಯಾವುದು ಎಂದು ತಿಳಿಸಿ ಹೇಳುವವರು ಪೇಟೆಯಲ್ಲಿ ಕಡಿಮೆಯಾಗಿದ್ದಾರೆ. ಅಂಗಡಿಯವನು ಕಟ್ಟು ಬಿಚ್ಚದೆ ಮುಂದಿಡುತ್ತಾನೆ, ಕೊಳ್ಳುವವನು ಬಿಳುಪು ನೋಡಿ ಒಯ್ಯುತ್ತಾನೆ. ಉಟ್ಟ ಮೇಲೆ ಗಿಡ್ಡವಾಯಿತು, ಜಾರಿತು, ಕಾಲಿಗೆ ತೊಡರಿತು. ಆಮೇಲೆ ಅದು ಟ್ರಂಕಿನ ತಳ ಸೇರುತ್ತದೆ, ಪ್ಯಾಂಟು ಗೂಟಕ್ಕೆ ಬರುತ್ತದೆ.

ಪೇಟೆಯಲ್ಲಿ ಕಾಣುವ ಧೋತರದಲ್ಲಿ ದೊಡ್ಡ ಪಾಲು ಉಡುವುದಕ್ಕೆ ನೇಯ್ದದ್ದೇ ಅಲ್ಲ, ಕೊಡುವುದಕ್ಕೆ ನೇಯ್ದದ್ದು. ನಮ್ಮಲ್ಲಿ ಮದುವೆ, ಸೀಮಂತ, ಮನೆ ಒಪ್ಪಿಸುವ ಕಾರ್ಯ ಯಾವುದೇ ಇರಲಿ, ಆಯೇರಿ ತಪ್ಪದು. ಬೀಗರಿಗೆ, ಅಳಿಯಂದಿರಿಗೆ, ಸೋದರಮಾವನಿಗೆ ಧೋತರ, ಟಾವೆಲ್, ಟೋಪಿ. ಬಂದ ಆಯೇರಿ ಅಲ್ಲೇ ಉಳಿಯುವುದಿಲ್ಲ, ಮುಂದಿನ ಕಾರ್ಯದಲ್ಲಿ ಇನ್ನೊಬ್ಬರ ಕೈಗೆ ಹೋಗುತ್ತದೆ. ಹೀಗೆ ಯಾರ ಸೊಂಟವನ್ನೂ ಕಾಣದೆ ಮನೆಯಿಂದ ಮನೆಗೆ ತಿರುಗುವ ಬಟ್ಟೆಯ ಅಳತೆ ಯಾರಿಗೆ ಬೇಕು? ಅದು ಉದ್ದದಲ್ಲಿ ಕಡಿಮೆ, ನೇಯ್ಗೆಯಲ್ಲಿ ತೆಳು. ಗಂಜಿಯ ಬಲದಿಂದ ಗಟ್ಟಿಯಾಗಿ ಕಾಣುತ್ತದೆ. ಆಯೇರಿ ಕೊಡುವ ಪದ್ಧತಿಯ ಮೇಲೆ ನನ್ನ ತಕರಾರಿಲ್ಲ. ಆದರೆ ದಿನಬಳಕೆಗೆ ಕೊಳ್ಳುವವನು ಆ ಗಂಟಿನೊಳಗಿಂದ ಆರಿಸಬಾರದು. ಅಂಗಡಿಗೆ ಹೋದ ಕೂಡಲೇ ‘ಆಯೇರಿಗಲ್ಲರಿ, ಉಡಾಕ’ ಎಂದು ಬಿಡಿಸಿ ಹೇಳಿದರೆ ಅರ್ಧ ಕೆಲಸ ಮುಗಿದಂತೆ.

ಇನ್ನರ್ಧ ಅಳತೆಯದು. ಧೋತರಕ್ಕೆ ಹೊಲಿಗೆಯಿಲ್ಲ, ಹಾಗಾಗಿ ಅಳತೆಯೂ ಇಲ್ಲ, ಯಾರಿಗಾದರೂ ಆಗುತ್ತದೆ ಎಂಬ ಮಾತು ತಪ್ಪು. ನಮ್ಮ ಕಡೆ ಉದ್ದವನ್ನು ವಾರದಲ್ಲಿ ಹೇಳುತ್ತಾರೆ, ದಕ್ಷಿಣದಲ್ಲಿ ಮೊಳದಲ್ಲಿ. ಒಂದು ಮೊಳ ಎಂದರೆ ಸುಮಾರು 18 ಇಂಚು, ಎರಡು ಮೊಳಕ್ಕೆ ಒಂದು ವಾರ. ಮೈಸೂರು, ಮಂಡ್ಯದ ಕಡೆ ಸುತ್ತಿ ಉಡುವ ಒಂಟಿ ಪಂಚೆ ನಾಲ್ಕು ಮೊಳದ್ದು, ಮಡಚಿ ಉಡುವುದು ಎಂಟು ಮೊಳದ್ದು. ನಮ್ಮ ಕಚ್ಚೆಯ ಧೋತರಕ್ಕೆ ನಾಲ್ಕು ವಾರ ಕನಿಷ್ಠ. ನಾಲ್ಕೂವರೆ ಆದರೆ ಆರಾಮ, ಐದು ವಾರ ದೊಡ್ಡ ಮೈಯವರಿಗೆ.

ಯಾಕೆ ಎಂಬುದನ್ನು ಉಡುವ ಕ್ರಮವೇ ಹೇಳುತ್ತದೆ. ಬಟ್ಟೆಯ ನಡುಭಾಗವನ್ನು ಬೆನ್ನಿಗೆ ಹಿಡಿದು, ಎರಡೂ ಸೆರಗುಗಳನ್ನು ಮುಂದಕ್ಕೆ ತಂದು ಹೊಕ್ಕುಳ ಹತ್ತಿರ ಬಿಗಿ ಮಾಡುತ್ತೇವೆ. ಒಂದು ಸೆರಗು ನಿರಿಗೆಯಾಗಿ ಮುಂದೆ ಸಿಕ್ಕುತ್ತದೆ, ಇನ್ನೊಂದು ಕಾಲ ನಡುವೆ ಹಾಯ್ದು ಹಿಂದೆ ಕಚ್ಚೆಯಾಗುತ್ತದೆ. ನಾಲ್ಕು ವಾರವೆಂದರೆ 144 ಇಂಚು. ಸೊಂಟ 34 ಇಂಚಿನವನಿಗೆ ಸುತ್ತು ಕಳೆದು 110 ಉಳಿಯಿತು, ಒಂದೊಂದು ಬದಿಗೆ 55. ಕಚ್ಚೆ ಸಡಿಲವಾಗಿ ಕೂರುತ್ತದೆ, ನಿರಿಗೆಯೂ ತುಂಬಿ ಬರುತ್ತದೆ. ಸೊಂಟ 44 ಇಂಚಿನವನಿಗೆ ಉಳಿಯುವುದು ಬದಿಗೆ 50. ಹೊಟ್ಟೆಯ ಏರಿನ ಮೇಲೆ ಹಾಯಬೇಕಾದದ್ದರಿಂದ ಅದರಲ್ಲೂ ಒಂದಿಷ್ಟು ಹೋಯಿತು. ಆಗ ಕಚ್ಚೆ ತೊಡೆಗೆ ಬಿಗಿಯುತ್ತದೆ, ಕುಕ್ಕರಗಾಲಲ್ಲಿ ಕೂತರೆ ಹಿಂದಿನ ಸಿಕ್ಕು ಕಿತ್ತು ಬರುತ್ತದೆ. ಸೊಂಟ ಒಂದು ಇಂಚು ಹೆಚ್ಚಾದರೆ ನಿರಿಗೆ-ಕಚ್ಚೆಗಳ ಪಾಲಿನಿಂದ ಒಂದು ಇಂಚು ಹೋಗುತ್ತದೆ ಎಂದು ನೆನಪಿಟ್ಟುಕೊಂಡರೆ ಸಾಕು. ನನ್ನ ಅಭಿಪ್ರಾಯದಲ್ಲಿ 38 ಇಂಚು ದಾಟಿದವರು ನಾಲ್ಕು ವಾರದ್ದನ್ನು ಮುಟ್ಟಲೇಬಾರದು, ಎಷ್ಟೇ ಅಗ್ಗ ಸಿಗಲಿ.

ಉದ್ದಕ್ಕಿಂತ ಹೆಚ್ಚು ಎಡವುವುದು ಅಗಲದಲ್ಲಿ, ಅಂದರೆ ಪನ್ನಾದಲ್ಲಿ. ಧೋತರದ ಪನ್ನಾ 44 ಇಂಚಿನಿಂದ 50 ಇಂಚಿನವರೆಗೆ ಇರುತ್ತದೆ. ನೀವು ಧೋತರ ಬಿಗಿಯುವ ಜಾಗದಿಂದ ಕಾಲಿನ ಹರಡಿನ ಎಲುಬಿನವರೆಗೆ ಟೇಪು ಹಿಡಿದು ನೋಡಿ, ಅದಕ್ಕೆ ಸೊಂಟದಲ್ಲಿ ಮಡಚಿ ಸಿಕ್ಕಿಸಲು ನಾಲ್ಕು ಬೆರಳು ಸೇರಿಸಿ, ಮೊದಲ ಒಗೆತಕ್ಕೆ ಕುಗ್ಗುವುದಕ್ಕೆ ಎರಡು ಇಂಚು ಸೇರಿಸಿ. ಬಂದ ಲೆಕ್ಕವೇ ನಿಮ್ಮ ಪನ್ನಾ. ಸಾಧಾರಣ ಎತ್ತರದವನಿಗೆ 44 ಅಥವಾ 45 ಸಾಕಾಗುತ್ತದೆ. ಆರು ಅಡಿಯವನು ಅದನ್ನು ಉಟ್ಟರೆ ಮೀನಗಂಡ ಬಯಲಾಗುತ್ತದೆ, ಅವನಿಗೆ 50 ಬೇಕು. ಗಿಡ್ಡನೆಯವನು 50ರ ಪನ್ನಾ ಕೊಂಡರೆ ಹೆಚ್ಚಾದ ಬಟ್ಟೆಯೆಲ್ಲ ಸೊಂಟದಲ್ಲಿ ಸುರುಳಿಯಾಗಿ ಕೂರುತ್ತದೆ. ಉಡದಾರದ ಮೇಲೆ ಆ ಸುರುಳಿ ನಿಲ್ಲುವುದಿಲ್ಲ, ದಿನಕ್ಕೆ ಹತ್ತು ಸಲ ಸರಿಪಡಿಸಿಕೊಳ್ಳಬೇಕು. ಧೋತರ ಜಾರುತ್ತದೆ ಎಂದು ದೂರುವವರಲ್ಲಿ ಅನೇಕರ ತೊಂದರೆ ಕಟ್ಟುವ ಕೈಯದಲ್ಲ, ಪನ್ನಾದ್ದು.

ಹೊದಿಕೆಯ ಮೇಲೆ ಉದ್ದ, ಅಗಲ, ಬೆಲೆ ಅಚ್ಚಾಗಿರಬೇಕೆಂದು 2011ರ ಕಾನೂನು ಮಾಪನ ನಿಯಮಗಳು ಹೇಳುತ್ತವೆ. ಕಟ್ಟು ಬಿಚ್ಚದೆ ಕೊಡುವ ಧೋತರದಲ್ಲಿ ಆ ಚೀಟಿ ಓದಿ. ಮೀಟರಿನಲ್ಲಿದ್ದರೆ 3.66 ಎಂದರೆ ನಾಲ್ಕು ವಾರ, 4.11 ಎಂದರೆ ನಾಲ್ಕೂವರೆ, 4.57 ಎಂದರೆ ಐದು. ಚೀಟಿಯಿಲ್ಲದ ಮಾಲಾದರೆ ಗಜಕಡ್ಡಿ ಹಿಡಿದು ಅಳೆದು ತೋರಿಸಿ ಎನ್ನುವುದರಲ್ಲಿ ಸಂಕೋಚ ಬೇಡ.

ಈ ಅಳತೆಯ ವಿಷಯದಲ್ಲಿ ಸ್ಕಾಟ್ಲೆಂಡಿನ ಕಿಲ್ಟ್ ನೆನಪಾಗುತ್ತದೆ. ಅಲ್ಲಿನ ಗುಡ್ಡಗಾಡಿನ ಗಂಡಸರೂ ಮೊದಲು ಉಡುತ್ತಿದ್ದದ್ದು ಹೊಲಿಗೆಯಿಲ್ಲದ ಉದ್ದನೆಯ ಉಣ್ಣೆ ಬಟ್ಟೆಯನ್ನೇ. ನಿರಿಗೆ ಹಿಡಿದು ಸುತ್ತಿಕೊಂಡು ನಡುಪಟ್ಟಿ ಬಿಗಿಯುತ್ತಿದ್ದರು. 18ನೇ ಶತಮಾನದಲ್ಲಿ ಅದು ಸೊಂಟದ ಕೆಳಗಿನ ಉಡುಪಾಗಿ ಗಿಡ್ಡವಾಯಿತು, ಬರಬರುತ್ತ ನಿರಿಗೆಗೆ ಹೊಲಿಗೆ ಬಿತ್ತು. ಇಂದು ಒಳ್ಳೆಯ ಕಿಲ್ಟಿಗೆ ಎಂಟು ವಾರದಷ್ಟು ಉಣ್ಣೆ ಹೋಗುತ್ತದೆ, ಬೆಲೆಯೂ ಹಾಗೆಯೇ. ದಿನಾ ಉಡುವವರಿಗಾಗಿ ಐದು ವಾರದ್ದು, ಪಾಲಿಯೆಸ್ಟರ್-ವಿಸ್ಕೋಸ್ ಬೆರಕೆಯದ್ದು ಅಲ್ಲಿನ ಪೇಟೆಗೆ ಬಂದಿವೆ. ನಮ್ಮಲ್ಲಿ ನಡೆದಿರುವ ಹತ್ತಿಯೋ ಟೆರಿಕಾಟೋ ಎಂಬ ವಾದವೇ ಅಲ್ಲೂ ಇದೆ. ಒಂದು ವ್ಯತ್ಯಾಸವಿದೆ. ಕಿಲ್ಟ್ ಹೊಲಿಯುವವನು ಗಿರಾಕಿಯ ಸೊಂಟ, ಪೃಷ್ಠ, ಸೊಂಟದಿಂದ ಮೊಣಕಾಲಿನವರೆಗಿನ ಉದ್ದ ಮೂರನ್ನೂ ಅಳೆಯದೆ ಕತ್ತರಿ ಮುಟ್ಟುವುದಿಲ್ಲ. ಉಡುವವನು ತನ್ನ ಅಳತೆ ತಿಳಿದೇ ಅಂಗಡಿಗೆ ಹೋಗುತ್ತಾನೆ. ಪ್ಯಾಂಟಿನ ಸೊಂಟದ ನಂಬರು ಬಾಯಿಪಾಠವಿರುವ ನಮ್ಮವರಿಗೆ ತಮ್ಮ ಧೋತರದ ಪನ್ನಾ ಗೊತ್ತಿಲ್ಲ. ಮೂರು ನಿಮಿಷದ ಕೆಲಸ, ಒಮ್ಮೆ ಅಳೆದರೆ ವರ್ಷಗಟ್ಟಲೆ ಬಾಳುತ್ತದೆ.

ನೂಲಿನ ಮಾತಿಗೆ ಬಂದರೆ ನಮ್ಮ ಸೀಮೆ ಅದರ ತವರು. ಗೋಕಾಕ ಜಲಪಾತದ ಪಕ್ಕದ ಗಿರಣಿ 1880ರ ದಶಕದಿಂದ ನೂಲು ತೆಗೆಯುತ್ತ ಬಂದಿದೆ. ನೀರಿನ ಬಲದಿಂದ ಅಲ್ಲಿ ಕರೆಂಟು ಹುಟ್ಟಿದ್ದು 1887ರಲ್ಲಿ. ನೂಲಿನ ನಂಬರು ಎಂಬುದೂ ಗಿರಣಿಯಿಂದಲೇ ಬಂದ ಲೆಕ್ಕ: 840 ವಾರ ಉದ್ದದ ಒಂದು ಲಡಿ, ಅಂಥ ಎಷ್ಟು ಲಡಿ ಸೇರಿದರೆ ಒಂದು ಪೌಂಡು ತೂಗುತ್ತದೆಯೋ ಅದೇ ನಂಬರು. 40ರ ನೂಲಿನಲ್ಲಿ ನಲವತ್ತು ಲಡಿಗೆ ಒಂದು ಪೌಂಡು, 100ರ ನೂಲಿನಲ್ಲಿ ನೂರು ಲಡಿಗೆ. ನಂಬರು ಏರಿದಷ್ಟೂ ಎಳೆ ಸಣ್ಣ, ಬಟ್ಟೆ ನಯ, ಬೆಲೆ ಮೇಲು. ಸಣ್ಣ ನೂಲಿಗೆ ಉದ್ದ ಎಳೆಯ ಹತ್ತಿ ಬೇಕು. ನಮ್ಮ ಎರೆಮಣ್ಣಿನಲ್ಲಿ ಮಳೆ ನಂಬಿ ಬೆಳೆಯುತ್ತಿದ್ದ ಜಯಧರ ಹತ್ತಿಯ ಎಳೆ ಗಿಡ್ಡ, ಅದರಿಂದ ಬರುವುದು ದಪ್ಪ ನೂಲೇ. 1972ರಲ್ಲಿ ಧಾರವಾಡದಲ್ಲಿ ಹೊರಬಂದ ವರಲಕ್ಷ್ಮಿ, ಆಮೇಲಿನ ಡಿಸಿಎಚ್-32 ಸಂಕರ ತಳಿಗಳು ಉದ್ದ ಎಳೆಯನ್ನು ನಮ್ಮ ಹೊಲಗಳಿಗೆ ತಂದವು. ಇಷ್ಟು ತಿಳಿದಿದ್ದರೆ 100ರ ಧೋತರಕ್ಕೆ ಯಾಕೆ ಅಷ್ಟು ಬೆಲೆ ಎಂಬುದು ಅರ್ಥವಾಗುತ್ತದೆ.

ಬೆಲೆ ಹೆಚ್ಚು ಅಂದಮಾತ್ರಕ್ಕೆ ಬಾಳಿಕೆ ಹೆಚ್ಚಲ್ಲ. 100, 120ರ ನೂಲಿನದು ಸಭೆಗೆ, ಪೂಜೆಗೆ ಚೆಂದ. ಕಬ್ಬಿನ ಹೊಲದಲ್ಲಿ ರವದಿಯ ಅಂಚು ತಗಲಿದರೆ ಎಳೆ ಕಿತ್ತು ಬರುತ್ತದೆ. 40ರದ್ದು ಗಟ್ಟಿ, ಆದರೆ ಒದ್ದೆಯಾದರೆ ಭಾರ, ಬೇಸಗೆಯಲ್ಲಿ ಸೆಕೆ. ದಿನಾ ಉಡುವವನಿಗೆ 60ರಿಂದ 80ರ ನಡುವಿನ ನೂಲು ಹಿತ ಎಂಬುದು ನನ್ನ ಮತ. ಹೊಲದ ಕೆಲಸವೇ ಹೆಚ್ಚಿದ್ದರೆ 60ರ ಕಡೆ, ಕೂತು ಮಾಡುವ ಕೆಲಸವಿದ್ದರೆ 80ರ ಕಡೆ.

ಊರಿನ ಹವೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ದಡ್ಡಿಯ ಕಡೆ ಸಹ್ಯಾದ್ರಿಯ ಮಳೆ ಹತ್ತಿರ. ಆಷಾಢ-ಶ್ರಾವಣದಲ್ಲಿ ಒಗೆದ ದಪ್ಪ ಧೋತರ ಒಳಗೆ ಹಗ್ಗದ ಮೇಲೆ ಎರಡು ದಿನವಾದರೂ ತೇವ ಬಿಡುವುದಿಲ್ಲ, ಮುಗ್ಗಲು ವಾಸನೆ ಹಿಡಿಯುತ್ತದೆ. ಅಲ್ಲಿ ಮಳೆಗಾಲಕ್ಕೆ ತೆಳು ಧೋತರವೊಂದು ಜಾಸ್ತಿ ಇರಬೇಕು. ಮೂಡಣಕ್ಕೆ ಹೋದಂತೆ ಮಳೆ ಕಡಿಮೆ, ಬಿಸಿಲು ಜೋರು. ಗೋಕಾಕ, ಮೂಡಲಗಿಯಲ್ಲಿ ಏಪ್ರಿಲ್-ಮೇ ತಿಂಗಳಲ್ಲಿ ಬೆವರು ಹೀರುವುದೇ ಧೋತರದ ಮೊದಲ ಕೆಲಸ. ಅಲ್ಲಿ ಪಾಲಿಯೆಸ್ಟರ್ ಬೆರಕೆ ಉಟ್ಟವನ ತೊಡೆಸಂದಿ ಬೆವರುಗುಳ್ಳೆಯಿಂದ ಉರಿಯುತ್ತದೆ.

ಬೆರಕೆ ಬಟ್ಟೆಯ ಮೇಲೆ ನನಗೆ ಕುರುಡು ದ್ವೇಷವಿಲ್ಲ. ಬೇಗ ಒಣಗುತ್ತದೆ, ಇಸ್ತ್ರಿ ಬೇಡ, ಬಿಳುಪು ಬೇಗ ಕೆಡುವುದಿಲ್ಲ, ಪ್ರವಾಸಕ್ಕೆ ಅನುಕೂಲ. ಆದರೆ ನುಣುಪಿನಿಂದಾಗಿ ಸಿಕ್ಕು ನಿಲ್ಲುವುದಿಲ್ಲ. ಇನ್ನೂ ದೊಡ್ಡ ಮಾತು ಬೆಂಕಿಯದು. ಹತ್ತಿಗೆ ಕಿಡಿ ತಗಲಿದರೆ ಉರಿದು ಬೂದಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಚರ್ಮಕ್ಕೆ ಅಂಟುತ್ತದೆ. ಬೆಲ್ಲದ ಗಾಣದ ಒಲೆಯ ಮುಂದೆ ಕೆಲಸ ಮಾಡುವವರು ಅದನ್ನು ಉಡಲೇಬಾರದು.

ಹತ್ತಿ ಎಂದು ಹೇಳಿ ಬೆರಕೆ ಕೊಟ್ಟರೆ ಕಂಡುಹಿಡಿಯುವುದು ಕಷ್ಟವಲ್ಲ. ಸೆರಗಿನ ತುದಿಯಿಂದ ಅಡ್ಡ ಒಂದೆಳೆ, ಉದ್ದ ಒಂದೆಳೆ ಕಿತ್ತು ಕಡ್ಡಿ ಗೀರಿ ಹಿಡಿಯಿರಿ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬಂದು, ಬೆರಳಲ್ಲಿ ತಿಕ್ಕಿದರೆ ಹುಡಿಯಾಗುವ ಬೂದಿ ಉಳಿಯುತ್ತದೆ. ಬೆರಕೆಯಾದರೆ ಎಳೆ ಮುದುಡಿ ತುದಿಗೆ ಕರಿ ಗುಂಡು ಕಟ್ಟುತ್ತದೆ, ಆರಿದ ಮೇಲೆ ಅದು ಉಗುರಿಗೂ ಒಡೆಯುವುದಿಲ್ಲ. ಎರಡೂ ಎಳೆ ನೋಡಬೇಕು, ಹಾಸಿನಲ್ಲಿ ಒಂದು ಹೊಕ್ಕಿನಲ್ಲಿ ಇನ್ನೊಂದು ನೂಲು ಹಾಕಿರುವ ಮಾಲೂ ಇದೆ. ಗಂಜಿಯ ಮೋಸ ನೋಡುವುದಕ್ಕೆ ಅಂಗಡಿಯ ಕಪ್ಪು ಗಾಜಿನ ಮೇಲೋ ಗಾಢ ಬಣ್ಣದ ಬಟ್ಟೆಯ ಮೇಲೋ ಧೋತರದ ಮೂಲೆಯನ್ನು ಎರಡು ಕೈಯಿಂದ ಗಟ್ಟಿಯಾಗಿ ತಿಕ್ಕಿ. ಬಿಳಿ ಹುಡಿ ಉದುರಿದರೆ ಮೊದಲ ಒಗೆತಕ್ಕೇ ಆ ಬಟ್ಟೆ ಜಾಳಾಗುತ್ತದೆ. ತಿಕ್ಕಿದ ಜಾಗವನ್ನು ಬೆಳಕಿಗೆ ಹಿಡಿಯಿರಿ, ಎಳೆ ಎಳೆಯ ನಡುವೆ ಕಿಂಡಿ ಬಿದ್ದಿದ್ದರೆ ಕೆಳಗಿಡಿ. ಬಣ್ಣದ ದಡಿಯಿದ್ದರೆ ಒದ್ದೆ ಕರವಸ್ತ್ರದಿಂದ ಒರೆಸಿ ನೋಡಿ. ಕೆಂಪು ದಡಿ ಬಣ್ಣ ಬಿಟ್ಟರೆ ಇಡೀ ಧೋತರ ಗುಲಾಬಿಯಾಗುತ್ತದೆ.

ಇನ್ನು ಅಗ್ಗ-ತುಟ್ಟಿಯ ಲೆಕ್ಕ. ಉದಾಹರಣೆಗೆ 250 ರೂಪಾಯಿಯ ತೆಳು ಧೋತರ ದಿನ ಬಿಟ್ಟು ದಿನ ಉಟ್ಟು ಐದು ತಿಂಗಳಿಗೆ ಹರಿಯಿತೆನ್ನಿ. ಉಟ್ಟದ್ದು 75 ದಿನ, ದಿನಕ್ಕೆ 3 ರೂಪಾಯಿಯ ಮೇಲೆ ಬಿತ್ತು. 550 ರೂಪಾಯಿಯ ಗಟ್ಟಿ ಹತ್ತಿಯದು ಒಂದೂವರೆ ವರ್ಷ ಬಂದರೆ 270 ದಿನ, ದಿನಕ್ಕೆ 2 ರೂಪಾಯಿ. ಅಂಕಿ ನಿಮ್ಮ ಪೇಟೆಯ ದರದಂತೆ ಬದಲಾಗಲಿ, ಲೆಕ್ಕದ ದಾರಿ ಇದೇ. ಹಳತಾದ ಮೇಲೂ ಹತ್ತಿಯ ಧೋತರಕ್ಕೆ ಕೆಲಸವಿದೆ. ಕೌದಿಯ ಒಳಪದರವಾಗುತ್ತದೆ, ಕೂಸಿನ ತೊಟ್ಟಿಲಿಗೆ ಬರುತ್ತದೆ. ಬೆರಕೆಯದು ನೆಲ ಒರೆಸುವುದಕ್ಕೂ ಬಾರದು, ನೀರು ಹೀರುವುದಿಲ್ಲ.

ಜೋಡಿಯಾಗಿ ಕೊಳ್ಳುವ ಹಳೆಯ ರೂಢಿ ಸುಮ್ಮನೆ ಬಂದದ್ದಲ್ಲ. ನಡುವೆ ಕತ್ತರಿಸದೆ ಬರುವ ಧೋತರ ಜೋಡಿಯಲ್ಲಿ ಎರಡೂ ಒಂದೇ ಹಾಸಿನವು. ಒಂದು ಮೈಮೇಲೆ, ಒಂದು ಹಗ್ಗದ ಮೇಲೆ. ಎರಡೂ ಒಂದೇ ಹದದಲ್ಲಿ ಸವೆಯುತ್ತವೆ. ಧೋತರ ಮೊದಲು ಸವೆಯುವುದು ಹಿಮ್ಮಡಿಗೆ ತಾಗುವ ದಡಿಯಲ್ಲಿ, ಕೂರುವ ಜಾಗದಲ್ಲಿ, ಸಿಕ್ಕಿಸುವ ಅಂಚಿನಲ್ಲಿ. ಮೇಲೆ ಕೆಳಗೆ ಒಂದೇ ಥರದ ದಡಿಯಿರುವ ಧೋತರವನ್ನು ಒಂದು ಒಗೆತಕ್ಕೆ ಹೀಗೆ, ಇನ್ನೊಂದು ಒಗೆತಕ್ಕೆ ತಿರುವಿ ಉಟ್ಟರೆ ಸವೆತ ಎರಡು ಕಡೆ ಹಂಚಿಹೋಗುತ್ತದೆ. ನಮ್ಮ ಹಿರಿಯರು ಇದನ್ನು ತಪ್ಪದೆ ಮಾಡುತ್ತಿದ್ದರು. ಒಂದು ಕಡೆ ಮಾತ್ರ ಅಗಲ ದಡಿಯಿರುವ ಈಗಿನ ಚೆಂದದ ಧೋತರಗಳಲ್ಲಿ ಆ ಅನುಕೂಲವಿಲ್ಲ.

ಬೆಲೆಯ ಲೆಕ್ಕದಲ್ಲಿ ಯಾರೂ ಬರೆಯದ ಖರ್ಚೊಂದಿದೆ, ಅದು ಒಗೆತದ್ದು. ಎರೆಮಣ್ಣಿನ ಊರಲ್ಲಿ ಬಿಳಿ ಧೋತರ ಬಿಳಿಯಾಗಿಯೇ ಇರಬೇಕೆಂದರೆ ಬಂಡೆಯ ಮೇಲೆ ಯಾರದೋ ರಟ್ಟೆ ಸವೆಯಬೇಕು. ಹೆಚ್ಚಿನ ಮನೆಗಳಲ್ಲಿ ಆ ರಟ್ಟೆ ಅವ್ವನದೋ ಹೆಂಡತಿಯದೋ ಸೊಸೆಯದೋ. ನೆನೆಹಾಕಿ, ಸಾಬೂನು ಹಚ್ಚಿ, ಕುಕ್ಕಿ, ನೀಲಿ ಅದ್ದಿ, ಗಂಜಿ ಹಾಕಿ, ಇಸ್ತ್ರಿ ಮಾಡಿ ಕೈಗಿತ್ತ ಧೋತರವನ್ನು ಉಟ್ಟುಕೊಂಡು ಸಂತೆಗೆ ಹೋಗುವವನ ಬಿಳುಪಿಗೆ ಜನ ಮೆಚ್ಚುಗೆ ಹೇಳುತ್ತಾರೆ, ಒಗೆದವಳಿಗೆ ಹೇಳುವುದಿಲ್ಲ. ಹೊಲದ ಕೆಲಸಕ್ಕೆ ಕೋರಾ ಬಣ್ಣದ, ತುಸು ಮಾಸಲು ಬಿಳುಪಿನ ಧೋತರ ಆರಿಸಿಕೊಳ್ಳುವುದು, ತನ್ನ ಧೋತರವನ್ನು ತಾನೇ ಒಗೆದುಕೊಳ್ಳುವುದು, ಇವೆರಡೂ ಉಡುವವನು ಮಾಡಬೇಕಾದ ಕೆಲಸ. ಬ್ಲೀಚಿಂಗ್ ಪುಡಿಯ ಹಾದಿ ಹಿಡಿಯಬೇಡಿ. ಕಲೆ ಹೋಗುತ್ತದೆ, ಅದರ ಜೊತೆ ನೂಲಿನ ಕಸುವೂ ಹೋಗುತ್ತದೆ. ಗಂಜಿ ಸಭೆಯ ಧೋತರಕ್ಕೆ ಇರಲಿ. ದಿನದ ಧೋತರಕ್ಕೆ ಗಂಜಿ ಹಾಕಿದರೆ ಬೆವರು ಹೀರುವ ಗುಣ ಕುಂದುತ್ತದೆ.

ಎಲ್ಲಿ ಕೊಳ್ಳುವುದು? ಹುಕ್ಕೇರಿ, ಗೋಕಾಕ, ಮೂಡಲಗಿ, ನಮ್ಮ ಈ ಮೂರು ತಾಲ್ಲೂಕುಗಳಿಗೆ ದಾರಿಗಳು ಹಲವು. ಸಂಕೇಶ್ವರ, ನಿಪ್ಪಾಣಿ ದಾಟಿದರೆ ಇಚಲಕರಂಜಿ. ಅಲ್ಲಿ ಮೊದಲ ವಿದ್ಯುತ್ ಮಗ್ಗ ಬಂದದ್ದು 1904ರಲ್ಲಿ. ಧೋತರದ ದೊಡ್ಡ ಪೇಟೆಯಾಗಿ ಬೆಳೆದ ಊರು ಅದು. ಬೆಲೆಯಲ್ಲಿ ಅದನ್ನು ಮೀರಿಸುವುದು ಕಷ್ಟ. ಆದರೆ ಆಯೇರಿಯ ಮಾಲು, ಉಡುವ ಮಾಲು ಎರಡೂ ಒಂದೇ ಗಂಟಿನಲ್ಲಿ ಬರುವುದರಿಂದ ಮೇಲೆ ಹೇಳಿದ ಪರೀಕ್ಷೆಗಳನ್ನು ಬಿಡಬಾರದು. ತಮಿಳುನಾಡಿನ ಈರೋಡ್, ತಿರುಪ್ಪೂರು ಕಡೆಯಿಂದ ಹೆಸರಾದ ಕಂಪನಿಗಳ ಪಂಚೆಗಳು ಗೋಕಾಕದ ಪೇಟೆಗೂ ಬಂದಿವೆ. ನೇಯ್ಗೆ ಅಚ್ಚುಕಟ್ಟು, ಚೀಟಿಯ ಮೇಲಿನ ಅಳತೆ ನಂಬಬಹುದು. ಆದರೆ ಅವು ಬಹುಪಾಲು ಸುತ್ತಿ ಉಡುವವರಿಗಾಗಿ ಮಾಡಿದವು. ನಾಲ್ಕು ಮೊಳದ್ದರಲ್ಲಿ ಕಚ್ಚೆ ಬಾರದು, ಎಂಟು ಮೊಳದ್ದು ಎಂದರೆ ನಮ್ಮ ನಾಲ್ಕು ವಾರ, ಅದು ಸಣಕಲು ಮೈಯವರಿಗೆ ಮಾತ್ರ. ಅಂಟಿಸುವ ಪಟ್ಟಿಯಿರುವ ಪಂಚೆ ಸುತ್ತಿ ಉಡುವ ಹುಡುಗರಿಗೆ ಅನುಕೂಲ. ಕಚ್ಚೆಯವರಿಗೆ ಅದರಿಂದ ಏನೂ ಪ್ರಯೋಜನವಿಲ್ಲ.

ಕೈಮಗ್ಗದ್ದು ಬೇಕೆಂದರೆ ಕರ್ನಾಟಕ ಕೈಮಗ್ಗ ಅಭಿವೃದ್ಧಿ ನಿಗಮದ ಪ್ರಿಯದರ್ಶಿನಿ ಮಳಿಗೆಗಳಿವೆ. 1985ರ ಕೇಂದ್ರ ಕಾಯ್ದೆಯೊಂದು ಕೈಮಗ್ಗಕ್ಕೆ ಮೀಸಲಿಟ್ಟ ಬಟ್ಟೆಗಳ ಪಟ್ಟಿಯಲ್ಲಿ ಕೆಲವು ಬಗೆಯ ಧೋತರವೂ ಇದೆ. ಕಾಯ್ದೆ ಏನೇ ಹೇಳಿದರೂ ಪೇಟೆಯಲ್ಲಿ ವಿದ್ಯುತ್ ಮಗ್ಗದ್ದನ್ನೇ ಕೈಮಗ್ಗದ್ದೆಂದು ಮಾರುವವರು ಇದ್ದಾರೆ. 2006ರಿಂದ ಜಾರಿಯಲ್ಲಿರುವ ಹ್ಯಾಂಡ್‌ಲೂಮ್ ಮಾರ್ಕ್ ಗುರುತು ನೋಡಿ ಕೊಂಡರೆ ಕೊಟ್ಟ ಹೆಚ್ಚಿನ ಹಣ ನೇಕಾರನ ಕಡೆ ಹೋಗುತ್ತದೆ. 1976ರಲ್ಲಿ ಶುರುವಾದ ಜನತಾ ಬಟ್ಟೆಯ ಯೋಜನೆ ಬಡವರಿಗೆ ಅಗ್ಗದ ಧೋತರ-ಸೀರೆ, ನೇಕಾರರಿಗೆ ಕೆಲಸ ಎರಡನ್ನೂ ಒಟ್ಟಿಗೆ ಕೊಡಲು ನೋಡಿತ್ತು. ಅದು ನಿಂತ ಮೇಲೆ ಆ ಜಾಗವನ್ನು ತುಂಬಿದ್ದು ಅಗ್ಗದ ಬೆರಕೆ ಬಟ್ಟೆಯೇ.

ಖಾದಿಯದು ಬೇರೆ ಕಥೆ, ನಮ್ಮ ಜಿಲ್ಲೆಗೆ ಅದರಲ್ಲಿ ಹೆಮ್ಮೆಪಡುವ ಪಾಲಿದೆ. 1924ರ ಡಿಸೆಂಬರಿನಲ್ಲಿ ಗಾಂಧೀಜಿ ಅಧ್ಯಕ್ಷತೆಯ ಕಾಂಗ್ರೆಸ್ ಅಧಿವೇಶನ ಬೆಳಗಾವಿಯಲ್ಲಿ ನಡೆಯಿತು. ಅದರ ಹಿಂದೆ ದುಡಿದ ಗಂಗಾಧರರಾವ್ ದೇಶಪಾಂಡೆ ಆಮೇಲೆ ಹುದಲಿಯಲ್ಲಿ ನೆಲೆನಿಂತು ಖಾದಿಯ ಕೆಲಸ ಕಟ್ಟಿದರು. 1937ರ ಏಪ್ರಿಲಿನಲ್ಲಿ ಗಾಂಧೀಜಿ ಹುದಲಿಗೇ ಬಂದು ತಂಗಿದ್ದರು. ಹುದಲಿಯಲ್ಲಿ ಖಾದಿಯ ಕೆಲಸ ಇಂದಿಗೂ ಇದೆ. ಹುಬ್ಬಳ್ಳಿಯ ಬೆಂಗೇರಿಯಲ್ಲಿ 1957ರಲ್ಲಿ ಹುಟ್ಟಿದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ರಾಷ್ಟ್ರಧ್ವಜಕ್ಕೆ ಹೆಸರಾಗಿದೆ. ಖಾದಿ ಧೋತರ ಬೆವರು ಹೀರುವುದರಲ್ಲಿ ಎಲ್ಲದಕ್ಕಿಂತ ಮೇಲು, ಒರಟು ಮೈಯಿಂದಾಗಿ ಸಿಕ್ಕು ಜಾರುವುದಿಲ್ಲ. ಕೈನೂಲಿನ ಎಳೆ ಒಂದೇ ಸಮನಿಲ್ಲದ್ದರಿಂದ ಕುಕ್ಕಿ ಒಗೆದರೆ ಬೇಗ ಸೋಲುತ್ತದೆ. ಮೊದಲ ಒಗೆತಕ್ಕೆ ಗಿರಣಿ ಬಟ್ಟೆಗಿಂತ ಹೆಚ್ಚು ಕುಗ್ಗುತ್ತದೆ, ಹಾಗಾಗಿ ಪನ್ನಾ ಎರಡರ ಬದಲು ಮೂರು ಇಂಚು ಹೆಚ್ಚಿಗೆ ಹಿಡಿಯಿರಿ. ಅಕ್ಟೋಬರ್ 2ರ ಆಸುಪಾಸಿನಲ್ಲಿ ರಿಯಾಯಿತಿ ಸಿಗುತ್ತದೆ. ವರ್ಷದ ಜೋಡಿಯನ್ನು ಆಗಲೇ ಕೊಳ್ಳುವುದು ಜಾಣತನ.

ಲುಂಗಿ ಮತ್ತು ರೆಡಿಮೇಡ್ ಧೋತರದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಲುಂಗಿ ಮನೆಯ ಉಡುಪು, ಅಗ್ಗ, ಗಾಢ ಬಣ್ಣದ್ದಾದ್ದರಿಂದ ಕಲೆಗೆ ಅಂಜಬೇಕಿಲ್ಲ. ಎರಡು ಮೀಟರಿಗಿಂತ ಕಡಿಮೆಯದು ಮಾತ್ರ ಬೇಡ, ಹೆಜ್ಜೆ ಹಾಕಿದರೆ ತೆರೆದುಕೊಳ್ಳುತ್ತದೆ. ಎಲಾಸ್ಟಿಕ್ ಹಾಕಿ ನಿರಿಗೆ ಹೊಲಿದು ಬರುವ ರೆಡಿಮೇಡ್ ಧೋತರ ಮದುಮಗನ ಒಂದು ದಿನಕ್ಕೆ ಸರಿ. ದಿನಾ ಉಟ್ಟರೆ ಎಲಾಸ್ಟಿಕ್ ಸಡಿಲವಾದ ದಿನವೇ ಅದರ ಆಯುಷ್ಯ ಮುಗಿಯಿತು. ಅದರ ಕಿಸೆಯ ಅನುಕೂಲ ಮಾತ್ರ ಒಪ್ಪತಕ್ಕದ್ದು. ಧೋತರದವರು ಮೊಬೈಲನ್ನು ನೆಹರು ಅಂಗಿಯ ಕಿಸೆಯಲ್ಲೋ ಒಳಗಿನ ಪಟ್ಟಾಪಟ್ಟಿ ಚಣ್ಣದ ಕಿಸೆಯಲ್ಲೋ ಇಡಬೇಕು. ಚಣ್ಣ ಹೊಲಿಸುವಾಗ ಕಿಸೆಯನ್ನು ಆಳವಾಗಿ, ಮುಚ್ಚಳ ಸಹಿತ ಹೊಲಿಯಲು ಹೇಳಿ.

ಧೋತರದ ಬಗ್ಗೆ ಬರೆಯುವವರು ಮರೆಯುವ ಮಾತೊಂದು ಇದೆ, ಅದು ಜೀವದ ಮಾತು. ಟ್ರ್ಯಾಕ್ಟರಿನ ಹಿಂದೆ ಯಂತ್ರಗಳಿಗೆ ಬಲ ಕೊಡುವ ಶಾಫ್ಟ್ ನಿಮಿಷಕ್ಕೆ 540 ಸುತ್ತು ತಿರುಗುತ್ತದೆ. ಧೋತರದ ಸೆರಗು ಅದಕ್ಕೆ ತಗಲಿದರೆ ಕೈ ಬಿಡಿಸಿಕೊಳ್ಳುವಷ್ಟೂ ಹೊತ್ತು ಸಿಗುವುದಿಲ್ಲ. ರಾಶಿ ಯಂತ್ರದ ಬೆಲ್ಟು, ಕಬ್ಬು ಅರೆಯುವ ಗಾಣದ ಹಲ್ಲುಗಾಲಿ, ಪಂಪಿನ ಪಟ್ಟಿ ಎಲ್ಲವೂ ಹಾಗೆಯೇ. ಯಂತ್ರದ ಹತ್ತಿರ ಹೋಗುವಾಗ ಕಚ್ಚೆಯನ್ನು ಮೊಣಕಾಲ ಮೇಲಕ್ಕೆ ಏರಿಸಿ ಎರಡೂ ಸೆರಗು ಸೊಂಟಕ್ಕೆ ಗಟ್ಟಿಯಾಗಿ ಸಿಕ್ಕಿಸಬೇಕು, ಆಗದಿದ್ದರೆ ಆ ಹೊತ್ತಿಗೆ ಚಣ್ಣದಲ್ಲೇ ಇರಬೇಕು. ಬೈಕಿನ ಹಿಂದೆ ಕೂರುವ ಹಿರಿಯರ ನಿರಿಗೆ ಗಾಲಿಯ ಕಡ್ಡಿಗೆ, ಚೈನಿಗೆ ಸಿಗುವುದುಂಟು. ಹತ್ತುವ ಮುಂಚೆ ನಿರಿಗೆಯನ್ನು ಮಡಚಿ ತೊಡೆಯ ಕೆಳಗೆ ಹಾಕಿಕೊಳ್ಳಲು ಓಡಿಸುವವನೇ ನೆನಪು ಮಾಡಬೇಕು. ಹೊಲದ ಧೋತರ ಐದು ವಾರದ್ದಾಗಬಾರದು ಎಂದು ನಾನು ಹೇಳುವುದು ಇದಕ್ಕಾಗಿಯೇ. ತೂಗಾಡುವ ಬಟ್ಟೆ ಕಡಿಮೆಯಿದ್ದಷ್ಟೂ ಕ್ಷೇಮ.

ಉಡುಪಿನ ಮಾನದ ಪ್ರಶ್ನೆಯೂ ಈ ನಡುವೆ ಎದ್ದಿತು. 2024ರ ಜುಲೈನಲ್ಲಿ ಬೆಂಗಳೂರಿನ ಒಂದು ಮಾಲ್‌ನಲ್ಲಿ ಹಾವೇರಿ ಕಡೆಯ ರೈತರೊಬ್ಬರನ್ನು ಪಂಚೆ ಉಟ್ಟಿದ್ದಾರೆಂದು ಬಾಗಿಲಲ್ಲೇ ತಡೆದರು. ವಿಷಯ ವಿಧಾನಸಭೆಗೆ ಬಂತು, ಮಾಲ್ ಅನ್ನು ಏಳು ದಿನ ಮುಚ್ಚಿಸುವುದಾಗಿ ಸರ್ಕಾರ ಹೇಳಿತು. ತಮಿಳುನಾಡಿನಲ್ಲಿ ಇಂಥದ್ದೇ ಪ್ರಸಂಗ 2014ರಲ್ಲಿ ನಡೆದಿತ್ತು. ಅಲ್ಲಿ ಕ್ಲಬ್ಬಿನ ಬಾಗಿಲಲ್ಲಿ ತಡೆಯಲ್ಪಟ್ಟವರು ಹೈಕೋರ್ಟಿನ ನ್ಯಾಯಮೂರ್ತಿ. ಅದೇ ವರ್ಷ ಅಲ್ಲಿನ ಸರ್ಕಾರ ವೇಷ್ಟಿ ಉಟ್ಟವರನ್ನು ತಡೆಯುವುದು ಅಪರಾಧವೆಂದು ಕಾಯ್ದೆ ಮಾಡಿತು, 25,000 ರೂಪಾಯಿ ದಂಡ ಮತ್ತು ಒಂದು ವರ್ಷದವರೆಗಿನ ಸಜೆ ಸಹಿತ. ಸ್ಕಾಟರ ಗುಡ್ಡಗಾಡಿನ ಉಡುಪನ್ನು 1746ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ನಿಷೇಧಿಸಿತ್ತು. 1782ರಲ್ಲಿ ನಿಷೇಧ ತೆಗೆಯುವ ಹೊತ್ತಿಗೆ ಬಡವರು ದಿನಾ ಉಡುವ ರೂಢಿ ಸಡಿಲಿತ್ತು. ಆಮೇಲೆ ಅದು ಹೆಚ್ಚಾಗಿ ಉತ್ಸವದ, ಸೈನ್ಯದ, ಶ್ರೀಮಂತರ ಉಡುಪಾಗಿ ಉಳಿಯಿತು. ನಮ್ಮ ಧೋತರಕ್ಕೆ ಯಾವ ನಿಷೇಧವೂ ಇಲ್ಲ. ಆದರೂ ಅದು ಅದೇ ದಾರಿಯಲ್ಲಿ ಸಾಗಿದೆ, ಯಾಕೆಂದರೆ ಉತ್ಸವಕ್ಕೆ ಉಡುವವನನ್ನು ಪೇಟೆ ಗುರುತಿಸುತ್ತದೆ, ದಿನಾ ಉಡುವವನನ್ನು ಗುರುತಿಸುವುದಿಲ್ಲ.

ಸಂಕೇಶ್ವರ, ಹುಕ್ಕೇರಿ, ಗೋಕಾಕ, ಮೂಡಲಗಿಯ ಬಟ್ಟೆ ಅಂಗಡಿಯವರಲ್ಲಿ ಕೇಳುವುದಿಷ್ಟೆ: ಆಯೇರಿಯ ಧೋತರ, ಉಡುವ ಧೋತರ ಎಂದು ಎರಡು ಕಪಾಟು ಮಾಡಿ. ಉಡುವ ಕಪಾಟಿನಲ್ಲಿ ನಾಲ್ಕೂವರೆ ವಾರದ್ದು 44, 48, 50 ಮೂರೂ ಪನ್ನಾದಲ್ಲಿ ಇರಲಿ, ಒಂದೊಂದು ಕಟ್ಟು ಬಿಚ್ಚಿ ಮುಟ್ಟಿ ನೋಡುವಂತೆ ಇಡಿ, ನೂಲಿನ ನಂಬರು ಬರೆದು ಅಂಟಿಸಿ, ಪಕ್ಕದ ಗೂಟಕ್ಕೊಂದು ಟೇಪು ತೂಗುಹಾಕಿ. ಖಾದಿ ಸಂಘಗಳಿಗೂ ಕೈಮಗ್ಗ ನಿಗಮಕ್ಕೂ ಒಂದು ಮಾತು. 60ರ ನೂಲಿನ, ಎರಡೂ ಕಡೆ ಸಮ ದಡಿಯ, ಕೋರಾ ಬಣ್ಣದ ಒಂದು ಹೊಲದ ಧೋತರವನ್ನು ಜೋಡಿಯ ಲೆಕ್ಕದಲ್ಲಿ ನೇಯಿಸಿ, ಸುಗ್ಗಿ ಮುಗಿದು ರೈತನ ಕೈಯಲ್ಲಿ ದುಡ್ಡು ಓಡಾಡುವ ತಿಂಗಳಲ್ಲಿ ನಮ್ಮ ಸಂತೆಗಳಿಗೆ ತನ್ನಿ.